ಪಕ್ಕದ ಮನೆಯ ಅಜ್ಜಿಯ ಕೋವಿ ಪರವಾನಗಿ

ಅಜ್ಜಿಯ ಬಲ ಭುಜ ಎಡ ಭುಜಕ್ಕಿಂತ ತುಸು ಕೆಳಗಿತ್ತು. ಬರಿಗೈಯಲ್ಲಿ ಕೊಂಬಿನಿ ಎನ್ನುವ ಬೀದಿಯಂಗಡಿಗೆ ಹಾಲು ತರಲು ಹೊರಟಾಗಲೂ ಆ ಭುಜದ ಮೇಲೆ ಏನೋ ತೂಗುತ್ತಿರುವಂತೆ ವಾಲಿಕೊಂಡೇ ನಡೆಯುತ್ತಿದ್ದರು. ಚಳಿಗಾಲದ ಭಾನುವಾರಗಳಲ್ಲಿ ಮಾತ್ರ ಅಲ್ಲಿ ನಿಜವಾಗಿಯೂ ಭಾರ ಇರುತ್ತಿತ್ತು. ಕಡುನೀಲಿ ಬಟ್ಟೆಯ ಉದ್ದನೆಯ ಚೀಲ, ಅದರೊಳಗೆ ಕೋವಿ. ಅಜ್ಜಿ ನನ್ನ ಕಿವಿಯ ಮಟ್ಟಕ್ಕೂ ಬರುತ್ತಿರಲಿಲ್ಲ. ಚೀಲದ ತುದಿ ಅವರ ತಲೆಯ ಹಿಂದಿನಿಂದ ಇಣುಕುತ್ತಿತ್ತು.

ಗಂಡನ ಕೆಲಸದ ದೆಸೆಯಿಂದ ನಾವು ಜಪಾನಿನ ಸಗಮಿಹಾರಾಕ್ಕೆ ಬಂದು, ಊರಿನ ಪಶ್ಚಿಮದಂಚಿನಲ್ಲಿ, ಬೆಟ್ಟಗಳು ಶುರುವಾಗುವ ಕಡೆ ಮನೆ ಹಿಡಿದಿದ್ದೆವು. ಮೊದಲ ಚಳಿಗಾಲದಲ್ಲಿ ಆ ಚೀಲ ನೋಡಿ ನನ್ನ ಗಂಡ, "ಮೀನು ಹಿಡಿಯೋ ಗಾಳದ ಕೋಲು ಇರ್ಬೇಕು ಬಿಡೇ" ಅಂದಿದ್ದರು. ಅದೇ ಸಂಜೆ ಅಜ್ಜಿ ನಮ್ಮ ಬಾಗಿಲಿಗೆ ಬಂದು, ಎರಡೂ ಕೈಗಳಲ್ಲಿ ಒಂದು ಪೊಟ್ಟಣವನ್ನು ನೀಡಿದರು. ಕಾಡುಹಂದಿಯ ಮಾಂಸ. ಆಗ ನನಗಿದ್ದ ಜಪಾನೀಸ್ ಅಂದರೆ ಕ್ಷಮಿಸಿ ಅನ್ನಲು ಸುಮಿಮಾಸೆನ್, ಧನ್ಯವಾದಕ್ಕೆ ಅರಿಗಾತೋ, ಇಷ್ಟೇ. ನಾವು ತರಕಾರಿ ಮಾತ್ರ ತಿನ್ನುವವರು ಎಂದು ಕೈಸನ್ನೆಯಲ್ಲೇ ಹೇಳಿದೆ. ಅಜ್ಜಿ ಮೂರು ಸಲ ಬಗ್ಗಿ ಕ್ಷಮೆ ಕೇಳಿ ಹೋದರು. ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಮಣ್ಣು ಮೆತ್ತಿದ ಒಂದು ಮೂಲಂಗಿ, ಮಗುವಿನ ತೊಡೆಯಷ್ಟು ದಪ್ಪದ್ದು, ಗೋಡೆಗೊರಗಿ ನಿಂತಿತ್ತು. ಆಮೇಲೆ ಅವರು ಕೊಟ್ಟ ಮೂಲಂಗಿಗಳ ಸಾರು, ಪಲ್ಯ, ಪಚಡಿ ತಿಂದೇ ನಾವು ಅಲ್ಲಿನ ಚಳಿಗಾಲಗಳನ್ನು ಕಳೆದೆವು.

ಅಜ್ಜಿ ಶಾಲೆಯಲ್ಲಿ ಜಪಾನೀಸ್ ಕಲಿಸಿ ನಿವೃತ್ತರಾದವರು. ಗಂಡ ಬೇಟೆಗಾರ. ಬೆಟ್ಟದಿಂದ ಇಳಿದು ಗೆಣಸಿನ ಹೊಲ ಅಗೆದು ಹಾಕುವ ಹಂದಿಗಳನ್ನು ಹೊಡೆಯಲು ಊರಿನವರ ಒಂದು ಗುಂಪಿತ್ತು. ಗಂಡ ತೀರಿಕೊಂಡ ಮೇಲೆ ಆ ಗುಂಪಿನಲ್ಲಿ ಒಂದು ಜಾಗ ಖಾಲಿಯಾಯಿತಲ್ಲ ಎಂದು ಇವರು ಪರೀಕ್ಷೆ ಕಟ್ಟಿ, ಕೋವಿ ಹಿಡಿಯಲು ಕಲಿತರಂತೆ. ಅದನ್ನು ದೊಡ್ಡ ಸಂಗತಿಯೆಂಬಂತೆ ಒಂದು ದಿನವೂ ಹೇಳಿಕೊಂಡವರಲ್ಲ.

ನನಗೆ ಜಪಾನೀಸ್ ಕಲಿಸಿದವರು ಅವರೇ. ಒಗೆದ ಬಟ್ಟೆ ಹರವುತ್ತಾ ನಾನು ಏನಾದರೂ ಹೇಳಿದರೆ ಬೇಲಿಯ ಆಚೆಯಿಂದ ತಿದ್ದುತ್ತಿದ್ದರು. ಎರಡು ಪದಗಳಿಗೆ ಒಂದೇ ಅರ್ಥ ಅಂದರೆ ಅವರಿಗೆ ಆಗುತ್ತಿರಲಿಲ್ಲ. "ಪದ ಬೇರೆ ಇದೆ ಅಂದ್ರೆ ಎಲ್ಲೋ ಏನೋ ಬೇರೆ ಇದೆ. ಹುಡುಕಿ" ಅನ್ನುತ್ತಿದ್ದರು.

ಒಂದು ವರ್ಷ ಚಳಿಗಾಲಕ್ಕೆ ಮುಂಚೆ ಅಜ್ಜಿ ಬಂದು, "ಈ ತಿಂಗಳು ಮೂಲಂಗಿ ಇಲ್ಲ" ಅಂದರು. ಬೆಳೆ ಕೆಟ್ಟಿತೇನೋ ಅಂದುಕೊಂಡೆ. ಅವರ ಹಿತ್ತಲಿನಲ್ಲಿ ಎಲೆಗಳು ಮೊಣಕಾಲೆತ್ತರ ಬೆಳೆದು ನಿಂತಿದ್ದವು.

"ನನ್ನ ಕೋವಿಯ ಅನುಮತಿ ಹೊಸದು ಮಾಡಿಸಬೇಕು. ಪೊಲೀಸರು ಬಂದು ಅಕ್ಕಪಕ್ಕದವರನ್ನ ಕೇಳ್ತಾರೆ, ಕುಡೀತಾಳಾ, ಜಗಳ ಆಡ್ತಾಳಾ, ತಲೆ ನೆಟ್ಟಗಿದೆಯಾ ಅಂತ. ಅದು ಮುಗಿಯೋವರೆಗೂ ನಿಮಗೆ ನಾನು ಏನೂ ಕೊಡಬಾರದು."

"ನಾನು ಒಳ್ಳೆಯದನ್ನೇ ಹೇಳ್ತೀನಿ ಒಬಾಸಾನ್" ಅಂದೆ. ಅಜ್ಜಿಯನ್ನು ಅಲ್ಲಿ ಹಾಗೆ ಕರೆಯುತ್ತಾರೆ.

"ಒಳ್ಳೆಯದು ಬೇಡ. ಕಂಡದ್ದು ಹೇಳಿ."

ಅವತ್ತೇ ಅವರು ನನಗೆ ಎರಡು ಪದ ಕಲಿಸಿದ್ದು. ಬೇಟೆಯಾಡಲು ಅವರ ಬಳಿ ಇದ್ದದ್ದು ಮೆಂಕ್ಯೋ. ಕೋವಿ ಇಟ್ಟುಕೊಳ್ಳಲು ಇದ್ದದ್ದು ಕ್ಯೋಕಾ. "ಮೆಂಕ್ಯೋ ನಾನು ಕಲಿತು ಗಳಿಸಿದ್ದು. ಕ್ಯೋಕಾ ಹಾಗಲ್ಲ. ಅದಕ್ಕೂ ಪರೀಕ್ಷೆ ಇದೆ, ಆದರೆ ಅದು ನನ್ನನ್ನ ನಂಬಿ ಬೇರೆಯವರು ಕೊಟ್ಟಿರೋದು. ಈ ಒಂದು ಕೋವಿಗೆ ಮಾತ್ರ, ನಂಬಿಕೆ ಇರೋವರೆಗೆ ಮಾತ್ರ." ನಿಮ್ಮ ಭಾಷೆಯಲ್ಲಿ ಏನಂತೀರಿ ಎಂದು ಕೇಳಿದರು. ಎರಡಕ್ಕೂ ಪರವಾನಗಿ, ಇಲ್ಲವೇ ಲೈಸೆನ್ಸ್ ಅಂದೆ. ಅಜ್ಜಿಗೆ ನಿರಾಸೆಯಾದದ್ದು ಮುಖದಲ್ಲೇ ಕಾಣುತ್ತಿತ್ತು.

ಪೊಲೀಸ್ ಇಲಾಖೆಯ ಹೆಂಗಸೊಬ್ಬರು ಬಂದರು, ಕೇಳಿದರು, ಹೋದರು. ಮರುವಾರ ಬಾಗಿಲಲ್ಲಿ ಮೂಲಂಗಿ ಬಂತು.

ನನ್ನ ತಮ್ಮನಿಗೂ ಅಜ್ಜಿಗೂ ಮಾತು ನಡೆದದ್ದು ಅದಾದ ಮೇಲಿನ ಬೇಸಿಗೆಯಲ್ಲಿ. ಅವನು ಅಮೆರಿಕದ ಮಿಷಿಗನ್‌ನಲ್ಲಿ ಇಂಜಿನಿಯರ್. ಅಲ್ಲಿನ ಪ್ರಜೆಯಾದ ಮೇಲೆ ಒಂದು ಪಿಸ್ತೂಲು ಕೊಂಡು, ಅದನ್ನು ಅಂಗಿಯೊಳಗೆ ಕಾಣದಂತೆ ಇಟ್ಟುಕೊಂಡು ಓಡಾಡಲು ಪರವಾನಗಿಯನ್ನೂ ಪಡೆದಿದ್ದ. ಅಜ್ಜಿ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಅವನ ವಿಡಿಯೋ ಕಾಲ್ ಬಂತು. ಪಕ್ಕದ ಮನೆಯ ಅಜ್ಜಿ ಕೋವಿ ಹಿಡಿಯುತ್ತಾರೆಂದು ಕೇಳಿ ಅವನಿಗೆ ಖುಷಿಯೋ ಖುಷಿ. ನಾನು ನಡುವೆ ಕೂತು ಇಬ್ಬರ ಮಾತನ್ನೂ ಅತ್ತಿಂದಿತ್ತ ದಾಟಿಸುತ್ತಿದ್ದೆ.

ಅದಕ್ಕೆ ಅಲ್ಲಿ ಏನು ಹೆಸರು ಎನ್ನುವುದೇ ಅಜ್ಜಿಯ ಮೊದಲ ಪ್ರಶ್ನೆ.

"ನಮ್ಮ ಸ್ಟೇಟಲ್ಲಿ ಕನ್ಸೀಲ್ಡ್ ಪಿಸ್ಟಲ್ ಲೈಸೆನ್ಸ್ ಅಂತಾರೆ" ಅಂದ. "ಒಂದೊಂದು ಸ್ಟೇಟಲ್ಲಿ ಒಂದೊಂದು ಹೆಸರು. ಟೆಕ್ಸಾಸಲ್ಲಿ ಲೈಸೆನ್ಸ್ ಟು ಕ್ಯಾರಿ. ಉಟಾದಲ್ಲಿ ಕನ್ಸೀಲ್ಡ್ ಫೈರ್‌ಆರ್ಮ್ ಪರ್ಮಿಟ್. ನೆಕ್ಸ್ಟ್ ವೀಕ್ ಹೊಸ ಕೆಲಸಕ್ಕೆ ನ್ಯೂಜೆರ್ಸಿಗೆ ಹೋಗ್ತಿದೀನಲ್ಲ, ಅಲ್ಲಿ ಪರ್ಮಿಟ್ ಟು ಕ್ಯಾರಿ ಅಂತಾರಂತೆ. ಹೆಸರಷ್ಟೇ ಬೇರೆ ಕಣಕ್ಕ, ಎಲ್ಲಾ ಒಂದೇ."

ನಾನು ಹೇಳಿದ್ದನ್ನು ಕೇಳಿ ಅಜ್ಜಿ ಚಹಾ ಬಟ್ಟಲು ಕೆಳಗಿಟ್ಟರು. "ಒಬ್ಬರು ಪಿಸ್ತೂಲು ಅಂತಾರೆ, ಒಬ್ಬರು ಬಂದೂಕು ಅಂತಾರೆ. ಒಬ್ಬರು ಮುಚ್ಚಿಟ್ಟದ್ದು ಅಂತಾರೆ, ಇನ್ನೊಬ್ಬರು ಆ ಮಾತೇ ಎತ್ತಲ್ಲ. ಒಂದೇ ಹೇಗಾಗುತ್ತೆ? ಇವರ ಕಾಗದವನ್ನ ಆ ರಾಜ್ಯ ಒಪ್ಪುತ್ತಾ ಅಂತ ಕೇಳಿದಾರಾ?"

ಅವನು ಕೇಳಿರಲಿಲ್ಲ.

"ನಾವೂ ಕೋವಿಗೆ ಬಟ್ಟೆ ಹೊದಿಸಿಯೇ ಒಯ್ಯಬೇಕು. ಕಾನೂನೇ ಹಾಗಿದೆ, ನೋಡಿದವರು ಹೆದರಬಾರದು ಅಂತ. ನಿಮ್ಮ ತಮ್ಮ ಯಾಕೆ ಮುಚ್ಚಿಡ್ತಾರೆ?"

"ಇದೆ ಅಂತ ಯಾರಿಗೂ ಗೊತ್ತಾಗಬಾರದಲ್ಲ, ಅದಕ್ಕೆ" ಅಂದ ತಮ್ಮ.

"ಪಕ್ಕದ ಮನೆಯವರಿಗೂ?"

ತಮ್ಮ ನಕ್ಕ. "ಪಕ್ಕದ ಮನೇಲಿ ಯಾರಿದಾರೋ ನಂಗೇ ಗೊತ್ತಿಲ್ಲಕ್ಕ."

ಇದನ್ನು ನಾನು ಜಪಾನೀಸ್‌ನಲ್ಲಿ ಹೇಳಿದಾಗ ಅಜ್ಜಿ ನಗಲಿಲ್ಲ. ಪರದೆಯ ಮೇಲಿನ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಊಟ ಮಾಡಿದಿರಾ ಎಂದು ಕೇಳಿದರು.

ಎರಡು ದಿನ ಬಿಟ್ಟು ತಮ್ಮ ಮತ್ತೆ ಫೋನ್ ಮಾಡಿದ. ಸುಮ್ಮನೆ ಇರಲಾಗದೆ ವಿಚಾರಿಸಿದನಂತೆ. ಹೊರಗಿನ ಯಾವ ರಾಜ್ಯದ ಪರವಾನಗಿಯನ್ನೂ ನ್ಯೂಜೆರ್ಸಿ ಒಪ್ಪುವುದಿಲ್ಲವಂತೆ. ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡು ಕಾರಿನಲ್ಲಿ ಆ ಗಡಿ ದಾಟಿದ್ದರೆ ಜೈಲು ಸೇರಬೇಕಿತ್ತು. "ಅಕ್ಕಾ, ಬೇಡಪ್ಪಾ ಈ ಸಹವಾಸ ಅಂತ ಅಂಗಡಿಯವನಿಗೇ ಮಾರಿಬಿಟ್ಟೆ. ಅಜ್ಜಿಗೆ ನನ್ನ ನಮಸ್ಕಾರ ಹೇಳು" ಅಂದ. ಹೇಳಿದೆ. ನಾನು ಹೇಳಲಿಲ್ಲವಾ ಅನ್ನುವ ಭಾವವೇ ಅಜ್ಜಿಯಲ್ಲಿ ಇರಲಿಲ್ಲ. "ಪಾಪ, ಈಗ ಸೊಂಟ ಹಗುರ ಅನ್ನಿಸ್ತಿರುತ್ತೆ" ಅಂದರು, ಅಷ್ಟೇ.

ಅಲ್ಲೇ ಹುಟ್ಟಿದ ನನ್ನ ಮಗ ಅಜ್ಜಿಯ ಕೈಯಲ್ಲೇ ಬೆಳೆದ. ನಾನು ಕನ್ನಡದಲ್ಲಿ ಬೈದರೆ ಅವನು ಜಪಾನೀಸ್‌ನಲ್ಲಿ ಉತ್ತರ ಕೊಡುತ್ತಿದ್ದ, ಅದರಲ್ಲಿನ ತಪ್ಪನ್ನು ಅಜ್ಜಿ ಬೇಲಿಯಾಚೆಯಿಂದ ತಿದ್ದುತ್ತಿದ್ದರು. ಹೀಗೆ ವರ್ಷಗಳು ಕಳೆದು ಮತ್ತೆ ಅನುಮತಿ ಹೊಸದು ಮಾಡಿಸುವ ತಿಂಗಳು ಬಂತು. ಒಂದು ದಿನ ಬೆಳಿಗ್ಗೆ ಬಾಗಿಲು ತೆರೆದರೆ ಅಜ್ಜಿ ಮೂಲಂಗಿ ಹಿಡಿದು ನಿಂತಿದ್ದರು. ಏನೂ ಕೊಡಬಾರದ ತಿಂಗಳು ಎಂಬುದನ್ನು ಮರೆತಿರಬಹುದು ಅಂದುಕೊಂಡೆ. ಮಧ್ಯಾಹ್ನ ಇನ್ನೊಂದು ತಂದರು, ಈ ವರ್ಷದ ಮೊದಲ ಮೂಲಂಗಿ ಎಂದು ಬೆಳಿಗ್ಗೆ ಹೇಳಿದ ಮಾತನ್ನೇ ಹೇಳುತ್ತಾ. ಅದಕ್ಕೂ ಹಿಂದೆ, ಕಸ ಒಯ್ಯುವ ಗಾಡಿ ಬಾರದ ದಿನ ಅವರು ಕಸದ ಚೀಲ ಇಟ್ಟುಕೊಂಡು ಬೀದಿಯಲ್ಲಿ ಕಾಯುತ್ತಾ ನಿಂತದ್ದನ್ನೂ ನೋಡಿದ್ದೆ.

ಪೊಲೀಸ್ ಹೆಂಗಸು ಬಂದಾಗ ನನ್ನ ಗಂಡ ಆಫೀಸಿನಲ್ಲಿದ್ದರು. ಹಿಂದಿನ ರಾತ್ರಿ ಅವರು, "ನಮಗ್ಯಾಕೆ, ಏನೂ ಗೊತ್ತಿಲ್ಲ ಅಂದ್ಬಿಡು. ವಯಸ್ಸಾದವರಿಗೆ ನೆನಪಿನ ಟೆಸ್ಟ್ ಇರುತ್ತಲ್ಲ, ಅವರೇ ನೋಡ್ಕೋತಾರೆ" ಅಂದಿದ್ದರು. ತಪ್ಪು ಮಾತೇನಲ್ಲ. ಆದರೆ ಆ ಹೆಂಗಸು, "ಈಚೆಗೆ ಏನಾದರೂ ಬದಲಾವಣೆ ಗಮನಿಸಿದ್ದೀರಾ?" ಎಂದು ಕೇಳಿದಾಗ ನನಗೆ ಇಲ್ಲ ಅನ್ನಲಾಗಲಿಲ್ಲ. ಮೂಲಂಗಿಯ ವಿಷಯ ಹೇಳಿದೆ.

ಆ ಹೆಂಗಸು ಹೋದ ಮೇಲೆ ಮನೆಯಲ್ಲಿ ಕೂರಲಾಗದೆ ಅಜ್ಜಿಯ ಬಾಗಿಲು ತಟ್ಟಿದೆ. ಬೇರೆಯವರ ಬಾಯಿಂದ ಅವರಿಗೆ ತಿಳಿಯಬಾರದು ಅನ್ನಿಸಿತ್ತು.

"ಒಬಾಸಾನ್, ಒಂದೇ ದಿನ ಎರಡು ಸಲ ಮೂಲಂಗಿ ತಂದಿರಿ. ಅದನ್ನ ಅವರಿಗೆ ಹೇಳಿದೆ."

ಅಜ್ಜಿ ನನ್ನನ್ನು ಒಳಗೆ ಕರೆದು ಕೂರಿಸಿದರು. "ಎರಡು ಸಲವಾ?"

"ಹೌದು."

"ಈ ತಿಂಗಳಲ್ಲಾ?"

"ಹೌದು."

ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವರು ನೆಲ ನೋಡುತ್ತಾ ಕೂತರು. ಆಮೇಲೆ ಅಂದರು: "ಬೆಟ್ಟದಲ್ಲಿ ನನ್ನ ಮುಂದೆ ಜನ ನಡೀತಿರ್ತಾರೆ. ಪೊದೆಯ ಆಚೆ ಯಾರಿದಾರೆ ಅನ್ನೋದು ನನಗೆ ನೆನಪಿರಬೇಕು." ಎದ್ದು ನನಗೆ ಚಹಾ ಮಾಡಿಕೊಟ್ಟರು. ಪರೀಕ್ಷೆಗೆ ಕರೆ ಬರುವವರೆಗೆ ಅವರು ಕಾಯಲಿಲ್ಲ. ಆ ವಾರವೇ ಕೋವಿಯನ್ನೂ ಅನುಮತಿಯನ್ನೂ ತಾವಾಗಿಯೇ ಒಪ್ಪಿಸಿ ಬಂದರು. ಆ ಚಳಿಗಾಲದ ಭಾನುವಾರಗಳಲ್ಲಿ ಗುಂಪಿನವರು ಬೆಟ್ಟದಿಂದ ಇಳಿಯುವ ಹೊತ್ತಿಗೆ ಕೆಳಗೆ ಬೆಂಕಿ ಹಾಕಿಕೊಂಡು ಗೆಣಸು ಸುಡುತ್ತಾ ಕೂತಿರುತ್ತಿದ್ದರು. ನಾನೂ ಮಗನೂ ಜೊತೆಗೆ ಹೋಗುತ್ತಿದ್ದೆವು. ನನ್ನ ಮೇಲೆ ಅವರ ಪ್ರೀತಿ ಒಂದು ಎಳೆಯಷ್ಟೂ ಕಡಿಮೆಯಾಗಲಿಲ್ಲ.

ಕೊನೆಯ ದಿನಗಳಲ್ಲಿ ಅವರು ಆಸ್ಪತ್ರೆಯಲ್ಲಿದ್ದರು. ನೋಡಲು ಹೋದಾಗ ನನ್ನ ಗುರುತು ಸಿಗಲಿಲ್ಲ. ಅಷ್ಟರಲ್ಲಿ ನಾನೂ ಕೆಲಸಕ್ಕೆ ಸೇರಿದ್ದೆ; ಆಫೀಸಿನಿಂದ ನೇರ ಹೋಗಿದ್ದೆ, ಕಪ್ಪು ಕೋಟು ತೊಟ್ಟಿದ್ದೆ. ಅಜ್ಜಿ ನನ್ನನ್ನು ನೋಡಿ, ದಿಂಬು ಸರಿಮಾಡಿಕೊಂಡು ನೆಟ್ಟಗೆ ಕೂರಲು ಯತ್ನಿಸಿದರು.

"ವಿಚಾರಣೆಗೆ ಬಂದಿರಾ? ಪಕ್ಕದ ಮನೆಯವರ ಬಗ್ಗೆ ತಾನೆ?"

ಹೌದು ಅಂದೆ.

"ಇಂಡಿಯಾದವರು. ಗಂಡ ಹೆಂಡತಿ ಜಗಳ ಆಡ್ತಾರೆ, ಗೋಡೆಯಾಚೆ ಕೇಳಿಸುತ್ತೆ. ಆದರೆ ಅಡುಗೆ ಆಗೋ ಹೊತ್ತಿಗೆ ಮುಗಿದಿರುತ್ತೆ. ಮಗ ತುಂಟ. ಆ ಹೆಂಗಸು ಜಪಾನೀಸ್ ಇನ್ನೂ ತಪ್ಪು ತಪ್ಪು ಮಾತಾಡ್ತಾಳೆ." ಉಸಿರು ತೆಗೆದುಕೊಂಡು, ಧ್ವನಿ ತಗ್ಗಿಸಿ ಹೇಳಿದರು: "ಅವಳನ್ನ ನಂಬಬಹುದು. ಬರೆದುಕೊಳ್ಳಿ."

ನನ್ನ ಬಳಿ ಪೆನ್ನಿರಲಿಲ್ಲ. ಅಂಗೈ ಮೇಲೆ ಬೆರಳಿನಿಂದ ಬರೆದುಕೊಂಡಂತೆ ಮಾಡಿದೆ. ಅವರು ಸಮಾಧಾನದಿಂದ ತಲೆಯಾಡಿಸಿ ಕಣ್ಣು ಮುಚ್ಚಿದರು. ಆ ವಾರ ಕಳೆಯುವುದರೊಳಗೆ ಅಜ್ಜಿ ತೀರಿಕೊಂಡರು.