ಅಜ್ಜಿಯ ಮುಖಕ್ಕೆ ಬಂದ ಹಸಿರು

ಗೆಳೆಯರೇ, ನಾಳೆ ನಮ್ಮಜ್ಜಿಯ ತಿಥಿ. ಅವಳ ಕಪ್ಪುಬಿಳುಪು ಫೋಟೊವನ್ನು ಬೆಳಿಗ್ಗೆ ನನ್ನ ಹಳೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದೆ. ಟ್ಯೂಬ್‌ಲೈಟಿನಲ್ಲಿ ಚೆನ್ನಾಗಿಯೇ ಕಂಡಿತು. ಮಗ್ಗದ ಮನೆಯಲ್ಲೇ ಬೆಳೆದ ಅಮ್ಮ, ಕಪ್ಪು ನೂಲು ಪರೀಕ್ಷಿಸುವ ಹಾಗೆ, ಅದನ್ನು ಬಾಗಿಲ ಬಿಸಿಲಿಗೆ ಹಿಡಿದಳು.

"ಅಜ್ಜಿ ಮೊಗ ಪಚ್ಚೆ ಆಗೈತೆ, ಕಣ್ಣು" ಎಂದಳು. ಮುದ್ದಿಗೆ ಅವಳು ನನ್ನನ್ನು ಕರೆಯುವುದೇ ಹಾಗೆ.

ಪಕ್ಕದ ಪೇಟೆ ಕರುಮತ್ತಂಪಟ್ಟಿಯ ಫೋಟೊ ಸ್ಟುಡಿಯೋದವನಿಗೆ ತೋರಿಸಿದೆ. ನಕ್ಕು ತಮಿಳಿನಲ್ಲಿ ಹೇಳಿದ. "ಆ ಪ್ರಿಂಟರನ್ನ ಗುಜರಿಗೆ ಹಾಕಣ್ಣಾ. ನಿಮ್ಮಜ್ಜಿಗೆ ನಾನು ಕಲರ್ ಸೀರೆ ಉಡಿಸಿ ಕೊಡ್ತೀನಿ."

"ಅವಳು ಉಟ್ಟಿರೋದು ಅವಳೇ ನೇಯ್ದ ಸೀರೆ. ಅದಕ್ಕೆ ನಿನ್ನ ಬಣ್ಣ ಬೇಡಪ್ಪ" ಎಂದು ಮನೆಗೆ ಬಂದೆ.

ಬಣ್ಣದ ಇಂಕು ಬೆರೆಯದಂತೆ ಕಪ್ಪೊಂದನ್ನೇ ಆರಿಸಿ, ಹೊಳಪಿಲ್ಲದ ದಪ್ಪ ಕಾಗದದ ಮೇಲೆ ಮತ್ತೆ ತೆಗೆದೆ. ಅಮ್ಮ ಪುನಃ ಬಾಗಿಲಿಗೆ ಹೋದಳು. ಬಹಳ ಹೊತ್ತು ನೋಡಿ, "ನಮ್ಮವ್ವನೇ" ಎಂದಳು.

ಸ್ಟುಡಿಯೋದವನನ್ನು ನಾಳೆ ಊಟಕ್ಕೆ ಕರೆದಿದ್ದೇನೆ. ಎಲೆ ಹಾಕುವುದು ಬಾಗಿಲ ಬಿಸಿಲಿನಲ್ಲಿ, ಫೋಟೊದ ಎದುರಿಗೇ.