ಅಂಕಿಯಲ್ಲಿ ಬರೆದ ಸಾಹೇಬರ ಮುಖ

ನನ್ನ ಯಜಮಾನರಿಗೆ ಹರಿಹರದ ಒಂದು ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ ಕೆಲಸ ಸಿಕ್ಕಿದಾಗ, ಆ ಯಂತ್ರ ಹೇಗಿರುತ್ತದೆಂದು ಬಲ್ಲವರು ನಮ್ಮ ದಾವಣಗೆರೆಯ ಆನೆಕೊಂಡದ ಓಣಿಯಲ್ಲಿ ಒಬ್ಬರೂ ಇರಲಿಲ್ಲ. ನನಗೂ ತಿಳಿಯದು. ತಿಳಿದಿದ್ದು ಇಷ್ಟೇ: ಕೆಲಸ ಇನ್ನೂ ಕಾಯಂ ಅಲ್ಲ, ಒಂದು ವರ್ಷ ನೋಡುತ್ತಾರೆ, ಆಮೇಲೆ ದೊಡ್ಡ ಸಾಹೇಬರು ಸಹಿ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ಮಾವ ಕಣ್ಣು ಮಂಜಾಗುವವರೆಗೂ ಹೊಲಿಗೆ ಯಂತ್ರ ತುಳಿದವರು. ಮನೆಯಲ್ಲಿ ತಿಂಗಳ ಸಂಬಳ ಕಂಡ ಮೊದಲನೆಯವರು ಯಜಮಾನರೇ.

ಹತ್ತನೆಯ ತಿಂಗಳಲ್ಲಿ ಇವರ ಕೈಯಿಂದ ಒಂದು ತಪ್ಪಾಯಿತು. ಒಂದು ಪಾಳಿಯ ಹಾಜರಿಯನ್ನು ಎರಡು ಸಲ ಯಂತ್ರಕ್ಕೆ ಹಾಕಿಬಿಟ್ಟರು. ಸಂಬಳದ ಚೀಟಿಗಳೆಲ್ಲ ಮತ್ತೆ ಅಚ್ಚಾಗಬೇಕಾಯಿತು. ಇವರೇ ಹೋಗಿ ಒಪ್ಪಿಕೊಂಡಾಗ ದೊಡ್ಡ ಸಾಹೇಬರು ಕೂಗಾಡದೆ, ತಣ್ಣಗೆ ಹೇಳಿದರಂತೆ: "ಇನ್ನೊಂದು ತಪ್ಪಾದರೆ ನೀವು ಇಲ್ಲಿ ಇರೋದಿಲ್ಲ." ಕೂಗಾಡಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಕೂಗಿದವರು ಮರೆಯುತ್ತಾರೆ.

ಅದೇ ಹೊತ್ತಿಗೆ ಕಾರ್ಖಾನೆಯಲ್ಲಿ ಮನೆಮಂದಿಯನ್ನೆಲ್ಲ ಒಳಗೆ ಬಿಡುವ ದಿನ ಹತ್ತಿರ ಬಂತು. ವರ್ಷಕ್ಕೊಮ್ಮೆ ಹೆಂಡತಿ ಮಕ್ಕಳು ಹೋಗಿ ಯಂತ್ರಗಳನ್ನು ನೋಡಿ, ಬೂಂದಿ ತಿಂದು ಬರುವ ದಿನ. ಇವರ ಮೇಲಿನ ಸೂಪರ್‌ವೈಸರ್‌ಗೆ ಒಂದು ಆಸೆ. ಕಂಪ್ಯೂಟರ್ ಅಕ್ಷರಗಳಲ್ಲೇ ಚಿತ್ರ ಮಾಡುತ್ತದೆಂದು ಇವರು ಯಾವುದೋ ಪತ್ರಿಕೆಯಲ್ಲಿ ಓದಿ, ಅದಕ್ಕೊಂದು ಪ್ರೋಗ್ರಾಂ ಬರೆದಿಟ್ಟಿದ್ದರು. ಸೂಪರ್‌ವೈಸರ್ ಅದನ್ನು ನೋಡಿ, ಆ ದಿನ ಎಲ್ಲರೆದುರಿಗೆ ದೊಡ್ಡ ಸಾಹೇಬರ ಮುಖವನ್ನೇ ಅಚ್ಚು ಮಾಡಿ ತೋರಿಸಬೇಕೆಂದರು. ಇವರಿಗೆ ಆಗುವುದಿಲ್ಲ ಎನ್ನುವ ಧೈರ್ಯ ಎಲ್ಲಿತ್ತು?

ಫೋಟೋವನ್ನು ಯಂತ್ರ ತಾನಾಗಿ ನೋಡುವುದಿಲ್ಲ, ಅದಕ್ಕೆ ಅಂಕಿ ಬೇಕು. ಇವರು ಸಾಹೇಬರ ಫೋಟೋವನ್ನು ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ ತಂದು, ಅದರ ಮೇಲೆ ಸೂಜಿಯಂಥ ಪೆನ್ಸಿಲಿನಿಂದ ಗೆರೆ ಹಾಕಿದರು. ಅಡ್ಡಕ್ಕೆ ನೂರು ಮನೆ, ಉದ್ದಕ್ಕೆ ಅರವತ್ತು. ಪ್ರತಿ ಮನೆಗೂ ಒಂದು ಅಂಕಿ ಕೊಡಬೇಕು. ಪೂರ್ತಿ ಬಿಳಿಯಾದರೆ ಸೊನ್ನೆ, ಪೂರ್ತಿ ಕಪ್ಪಾದರೆ ಒಂಬತ್ತು, ನಡುವಿನದಕ್ಕೆ ನಡುವಿನದು. ಸೊನ್ನೆ ಇದ್ದಲ್ಲಿ ಯಂತ್ರ ಜಾಗ ಬಿಡುತ್ತದೆ, ಒಂದಕ್ಕೆ ಚುಕ್ಕೆ ಇಡುತ್ತದೆ, ಒಂಬತ್ತಕ್ಕೆ ಅಕ್ಷರದ ಮೇಲೆ ಅಕ್ಷರ ಬಡಿದು ಕಪ್ಪು ಮಾಡುತ್ತದೆ. ಹೋಲಿಸಿ ನೋಡಲು ಇವರು ರಟ್ಟಿನ ಪಟ್ಟಿಯ ಮೇಲೆ ಬಿಳಿಯಿಂದ ಕಪ್ಪಿನವರೆಗೆ ಹತ್ತು ಬಣ್ಣ ತೀಡಿ ನನ್ನ ಕೈಗೆ ಕೊಟ್ಟರು.

ನನಗೇ ಏಕೆಂದರೆ ಇವರಿಗೆ ಹೊತ್ತಿರಲಿಲ್ಲ, ಮತ್ತು ನಾನು ದಿಂಬಿನ ಕವರಿಗೆ ದಾರದಿಂದ ಹೂವು ಎತ್ತುವಾಗ ಒಂದು ಎಳೆಯೂ ತಪ್ಪುತ್ತಿರಲಿಲ್ಲ. ನಮ್ಮ ಮನೆಮಾತು ಉರ್ದು, ಓಣಿಯ ಕನ್ನಡ ಅದರಲ್ಲಿ ಬೆರೆತು ಹೋಗಿದೆ. ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ.

"ಒಂದು ತುದಿಯಿಂದ ಹಿಡಿದು ಇನ್ನೊಂದು ತುದಿ ಮುಟ್ಟು," ಎಂದರು. "ಸಾಲು ಮುಗಿದಾಗ ನೂರು ಆಗಿರಬೇಕು. ಅಷ್ಟೇ ನೋಡ್ಕೋ."

ಯಾವ ತುದಿ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮಧ್ಯಾಹ್ನದ ನಮಾಜು ಮುಗಿಸಿ, ಮಗಳನ್ನು ಮಲಗಿಸಿ ಕೂತರೆ ಮುಂದಿನ ಬಾಂಗ್ ಆಗುವಷ್ಟರಲ್ಲಿ ಮೂರು ಸಾಲು ಆಗುತ್ತಿತ್ತು. ಎಡಗೈಯಲ್ಲಿ ಪಟ್ಟಿ ಹಿಡಿದು ಫೋಟೋದ ಮೇಲೆ ಸರಿಸುವುದು, ಬಲಗೈಯಲ್ಲಿ ನೋಟ್‌ಬುಕ್ಕಿನಲ್ಲಿ ಅಂಕಿ ಬರೆಯುವುದು. ಬಿಸ್ಮಿಲ್ಲಾ ಹೇಳಿ ಶುರು ಮಾಡಿದರೂ ಮನಸ್ಸಿಗೆ ಸಮಾಧಾನ ಇರಲಿಲ್ಲ. ಮುಖ ಬರೆಯುವುದು ನಮ್ಮಲ್ಲಿ ಒಳ್ಳೆಯದಲ್ಲ. ಅತ್ತೆ ಅಕ್ಕಿ ಆರಿಸುತ್ತಾ ಮೊದಲ ದಿನವೇ ಅಂದರು:

"ಮುಖ ಬರ್ದೋರ್ಗೆ ಲೋಕ ಮುಗಿಯೋ ಕಯಾಮತ್ ದಿನ ಇದಕ್ಕೆ ಜೀವ ಹಾಕು ಅಂತಾರಂತೆ. ನೀ ಎಲ್ಲಿಂದ ತರ್ತಿ ಜೀವ? ದಾವಣಗೆರೆ ಸಂತ್ಯಾಗೆ ಸಿಕ್ತೈತೇನು?"

ನಾನು ಬರೆಯುತ್ತಿರುವುದು ಬರೀ ಅಂಕಿ ಎಂದೆ. ಅವರು ಎದ್ದು ಬಂದು, ಗಾಳಿಗೆ ಹಾಳೆ ಹಾರದಂತೆ ಅದರ ಮೇಲೆ ಅಡಿಕೆ ಕತ್ತರಿ ಇಟ್ಟು ಹೋದರು. ಅವರಿಗೂ ಮಗನ ಕೆಲಸ ಉಳಿಯಬೇಕಿತ್ತು.

ಇಪ್ಪತ್ತು ದಿನಕ್ಕೆ ಮುಗಿಯಿತು. ಸಾಹೇಬರ ಕೆನ್ನೆಯ ಮೇಲೆ ಹುಣಸೆಬೀಜದಷ್ಟು ದೊಡ್ಡ ಮಚ್ಚೆ. ಅದು ಮೂವತ್ತೆಂಟನೆಯ ಸಾಲಿನಲ್ಲಿ ಬಂತು. ಅಲ್ಲಿ ಪಕ್ಕಪಕ್ಕದಲ್ಲಿ ನಾಲ್ಕು ಒಂಬತ್ತು ಬರೆದೆ. ಯಜಮಾನರು ದಿನಾ ಊಟದ ಬಿಡುವಿನಲ್ಲಿ ಆ ಅಂಕಿಗಳನ್ನು ಯಂತ್ರಕ್ಕೆ ಹೊಡೆದರು. ಒಮ್ಮೆ ಅಚ್ಚು ಮಾಡಿ ನೋಡೋಣವೆಂದರೆ ಸೂಪರ್‌ವೈಸರ್ ಬಿಡಲಿಲ್ಲ. ಹಾಗೆ ಬಡಿದರೆ ಮಸಿಯ ರಿಬ್ಬನ್ ಹರಿಯುತ್ತದೆ, ಒಂದೇ ಸಲ, ಅವತ್ತೇ ಆಗಲಿ ಎಂದುಬಿಟ್ಟರು.

ಆ ದಿನ ಮಗಳನ್ನು ಅತ್ತೆಯ ಬಳಿ ಬಿಟ್ಟು, ಬುರ್ಖಾ ಹಾಕಿಕೊಂಡು ಹರಿಹರದ ಬಸ್ಸು ಹತ್ತಿದೆ. ಕೂರಲು ಜಾಗ ಸಿಕ್ಕಿತು, ಅಲ್‌ಹಮ್ದುಲಿಲ್ಲಾ ಅಂದುಕೊಂಡೆ. ಕಂಪ್ಯೂಟರ್ ಕೋಣೆಯಲ್ಲಿ ಚಪ್ಪಲಿ ಬಿಡಿಸಿದರು. ಒಳಗೆ ಹೊಳೆಯ ದಂಡೆಯ ಬೆಳಗಿನಂಥ ಚಳಿ. ಇಪ್ಪತ್ತು ಇಪ್ಪತ್ತೈದು ಜನ ಗೋಡೆಗೊತ್ತಿ ನಿಂತೆವು. ಮುಂದೆ ದೊಡ್ಡ ಸಾಹೇಬರು, ಅವರ ಹೆಂಡತಿ. ಯಜಮಾನರು ಪರದೆಯ ಮುಂದೆ ಕೂತು ಹಸಿರು ಅಕ್ಷರದಲ್ಲಿ ಸಾಲು ಸಾಲು ಅಂಕಿ ತೋರಿಸಿದರು. ನನ್ನ ಅಂಕಿಗಳು. ಅವನ್ನು ಅಲ್ಲಿ ನೋಡಿ ನನಗೆ ಒಂದು ಗಳಿಗೆ ಹೆಮ್ಮೆಯೂ ಆಯಿತು.

ಆಗ ಅವರು ಜನಕ್ಕೆ ಬಿಡಿಸಿ ಹೇಳಿದರು: "ಇದು ನಾವು ಕನ್ನಡ ಓದೋ ಹಂಗೇ ರೀ. ಎಡಗಡೆ ಮೊದಲನೇ ಅಂಕಿ ಐತಲ್ಲ, ಅದು ಸಾಹೇಬ್ರ ಫೋಟೋದ ಎಡಗಡೆ ತುದಿ. ಅಲ್ಲಿಂದ ಬಲಕ್ಕೆ ಹೋಗ್ತೈತಿ."

ಎಡಗೈಯಲ್ಲಿ ರಟ್ಟಿನ ಪಟ್ಟಿ ಹೇಗೆ ಸರಿಯುತ್ತಿತ್ತೆಂದು ಆ ಕ್ಷಣ ಕಣ್ಣಿಗೆ ಕಟ್ಟಿತು. ಚಿಕ್ಕಂದಿನಿಂದ ಕುರಾನಿನ ಸಿಪಾರೆ ಓದುವಾಗ ಬೆರಳು ಬಲತುದಿಯಿಂದ ಎಡಕ್ಕೆ ಹೋಗಿ ರೂಢಿ. ಫೋಟೋವನ್ನೂ ಹಾಗೆಯೇ ಬಲದಿಂದ ನೋಡಿದ್ದೆ. ಅಂಕಿಯನ್ನು ಮಾತ್ರ ಕನ್ನಡ ಶಾಲೆಯಲ್ಲಿ ಕಲಿತಂತೆ ಎಡದಿಂದ ಬರೆದಿದ್ದೆ. ಅರವತ್ತು ಸಾಲೂ ಹಾಗೇ. ಸಾಹೇಬರ ಮುಖ ಪೂರ್ತಿ ತಿರುಗಿ ಬರುತ್ತದೆ.

ಇವರಿಗೆ ಹೇಗೆ ಹೇಳಲಿ? ನಡುವೆ ಅಷ್ಟು ಜನ. ಕೂಗಿದರೆ ಎಲ್ಲರಿಗೂ ತಿಳಿಯುತ್ತದೆ. ನಾನು ಕೆಮ್ಮಿದೆ. ಇವರು ತಿರುಗಲಿಲ್ಲ. ಇನ್ನೊಮ್ಮೆ ಕೆಮ್ಮಿದ್ದಕ್ಕೆ ಪಕ್ಕದಾಕೆ ನೀರು ಬೇಕೇ ಎಂದು ಕೇಳಿದಳು. ಅಷ್ಟರಲ್ಲಿ ಇವರು ಪ್ರೋಗ್ರಾಂ ಹೆಸರು ಹೊಡೆದು, ಜಾಗ ಬಿಟ್ಟು, ಅಂಕಿ ಇಟ್ಟ ಕಡತದ ಹೆಸರು ಹೊಡೆದು, ಕೊನೆಯ ಗುಂಡಿ ಒತ್ತಿದರು.

ಪ್ರಿಂಟರ್ ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ಸದ್ದು ಮಾಡಿತು. ಒಂದೊಂದು ಸಾಲನ್ನೂ ಎರಡು ಸಲ, ಮೂರು ಸಲ ಬಡಿದು, ಕಾಗದವನ್ನು ಒಂದು ಗೆರೆ ಮೇಲೆ ತಳ್ಳುತ್ತಿತ್ತು. ಮೊದಲು ಕೂದಲು ಬಂತು. ಬೈತಲೆ ಇನ್ನೊಂದು ಕಡೆಗೆ ಹೋಗಿತ್ತು. ಅದು ಯಾರ ಕಣ್ಣಿಗೂ ಬೀಳಲಿಲ್ಲ. ಹಣೆ, ಹುಬ್ಬು, ಕನ್ನಡಕ. ನಾನು ಬುರ್ಖಾದೊಳಗೆ, ಹೆದರಿಕೆಯಾದಾಗ ಹೇಳುವ ಆಯತುಲ್ ಕುರ್ಸಿ ಓದತೊಡಗಿದೆ, ನಡುವೆ ಮರೆತು ಮತ್ತೆ ಮೊದಲಿನಿಂದ ಓದಿದೆ. ರಿಬ್ಬನ್ ಹರಿಯಲಿ ಎಂದು ಕೇಳಿಕೊಂಡೆ. ಹರಿದರೆ ಅದೂ ಇವರದೇ ತಪ್ಪಾಗುತ್ತದೆ ಎಂದು ನೆನಪಾಗಿ, ಹರಿಯದಿರಲಿ ಎಂದೆ. ಮೂವತ್ತೆಂಟನೆಯ ಸಾಲು ಬಂತು. ನಾಲ್ಕು ಒಂಬತ್ತು, ಕರ್ರಗೆ, ಇನ್ನೊಂದು ಕೆನ್ನೆಯ ಮೇಲೆ.

ಸೂಪರ್‌ವೈಸರ್ ಕಾಗದ ಹರಿದು ಎತ್ತಿ ಹಿಡಿದರು. ಹತ್ತಿರದಿಂದ ಬರೀ ಅಕ್ಷರ. ದೂರಕ್ಕೆ ಸಾಕ್ಷಾತ್ ಸಾಹೇಬರು. ಜನ ಚಪ್ಪಾಳೆ ತಟ್ಟಿದರು. ಸಾಹೇಬರ ಹೆಂಡತಿ ಮಾತ್ರ ಕಣ್ಣು ಕಿರಿದು ಮಾಡಿ ನೋಡಿದರು.

"ಇವರ ಮಚ್ಚೆ ಬಲಗೆನ್ನೆ ಮೇಲಿರೋದು," ಎಂದರು. "ಇದರಲ್ಲಿ ಎಡಗೆನ್ನೆಗೆ ಬಂದಿದೆ. ನಿಮ್ಮ ಕಂಪ್ಯೂಟರ್‌ಗೆ ಎಡ ಬಲ ಗೊತ್ತಿಲ್ವಾ?"

ಚಪ್ಪಾಳೆ ನಿಂತಿತು. ಯಜಮಾನರು ಕಾಗದ ನೋಡಿದರು, ಪರದೆ ನೋಡಿದರು, ಆಮೇಲೆ ನಾನು ನಿಂತ ಕಡೆ ನೋಡಿದರು. ನನ್ನ ಮುಖ ಕಾಣದಿದ್ದರೂ ಅವರಿಗೆ ಅರ್ಥವಾಯಿತೆಂದು ನನಗೆ ಗೊತ್ತಾಯಿತು.

ಸಾಹೇಬರು ಕಾಗದವನ್ನು ಕೈಗೆ ತೆಗೆದುಕೊಂಡು ತೋಳುದ್ದಕ್ಕೆ ಹಿಡಿದರು.

"ನೀನು ಎದುರಿಗೆ ನಿಂತು ನೋಡ್ತೀಯ," ಎಂದು ಹೆಂಡತಿಗೆ ಹೇಳಿದರು. "ದಿನಾ ಬೆಳಿಗ್ಗೆ ಶೇವ್ ಮಾಡ್ಕೊಳ್ಳುವಾಗ ನನಗೆ ಕಾಣೋದು ಇವನೇ."

ಎಲ್ಲರೂ ನಕ್ಕರು. ಸೂಪರ್‌ವೈಸರ್ ಮುಂದೆ ಬಂದು, "ಅದಕ್ಕೇ ಬೇಕಂತಲೇ ಹಂಗ ಮಾಡ್ಸಿದ್ದು ಸಾರ್," ಎಂದರು. ಸಾಹೇಬರು ತಲೆಯಾಡಿಸಿ, ಕಾಗದ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋದರು. ನಾನು ಬೂಂದಿ ತಿನ್ನಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲ ಹೇಳಿದೆ. ಇವರು ಬಯ್ಯಲಿಲ್ಲ. ಬಾತಿ ಗುಡ್ಡ ದಾಟುವವರೆಗೂ ಕಿಟಕಿಯ ಆಚೆ ನೋಡುತ್ತಿದ್ದರು. ಆಮೇಲೆ ಸೋಮವಾರ ಹೋಗಿ ಸಾಹೇಬರಿಗೆ ನಿಜ ಹೇಳುತ್ತೇನೆ ಎಂದರು.

ಐದು ಹೊತ್ತು ನಮಾಜು ಮಾಡುವ ನಾನು ಅವರನ್ನು ಬೇಡಿಕೊಂಡೆ, ಇದನ್ನು ನಾಚಿಕೆಯಿಂದಲೇ ಬರೆಯುತ್ತೇನೆ. "ಬ್ಯಾಡ್ರಿ. ಅವರಿಗೇ ಖುಷಿ ಆಗೈತಿ. ಸುಮ್ಮನಿದ್ರೆ ಯಾರಿಗೆ ತಿಳಿತೈತಿ?"

"ಸೂಪರ್‌ವೈಸರ್ ಹೇಳಿದ ಸುಳ್ಳು ನಾನೇ ಹೇಳಿದಂಗೆ ಆತು," ಎಂದರು. "ಹಾಜರಿ ತಪ್ಪಾದಾಗ ನಾನೇ ಹೋಗಿ ಒಪ್ಕೊಂಡೆ. ಈಗ ಬಚ್ಚಿಟ್ರೆ, ಅವತ್ತು ಒಪ್ಕೊಂಡಿದ್ದೂ ಸುಳ್ಳಾಗ್ತೈತಿ."

ಸೋಮವಾರ ಹೋಗಿ ಹೇಳಿಯೂ ಹೇಳಿದರು. ಅಂಕಿ ಬರೆದದ್ದು ಯಾರೆಂದು ಸಾಹೇಬರು ಕೇಳಿದರಂತೆ. ನನ್ನ ಹೆಂಡತಿ ಎಂದರಂತೆ. ಯಾಕೆ ಬಲದಿಂದ ಎಂದಾಗ ಸಿಪಾರೆಯ ಸಂಗತಿಯನ್ನೂ ಹೇಳಿದರಂತೆ. "ಹಾಗಾದರೆ ಇದು ಎರಡನೇ ತಪ್ಪು ಅಲ್ವಾ?" ಎಂದು ಸಾಹೇಬರು ಕೇಳಿದರು. ಹೌದು ಸಾರ್ ಎಂದು ಇವರು. "ಹೋಗಿ," ಎಂದು ಅವರು. ಅಷ್ಟೇ.

ಆಮೇಲೆ ಹನ್ನೊಂದು ದಿನ. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಕೆಲಸದಿಂದ ತೆಗೆದ ಕಾಗದವೇ ಬಂತೆಂದುಕೊಳ್ಳುತ್ತಿದ್ದೆ. ಅತ್ತೆ ಐದು ಹೊತ್ತಿನದಲ್ಲದೆ ನಫಿಲ್ ನಮಾಜನ್ನೂ ಮೇಲಿಂದ ಮೇಲೆ ಓದಿದರು. ಇವರು ತಟ್ಟೆಯ ಮುಂದೆ ಕೂತು ಅರ್ಧ ರೊಟ್ಟಿಗೇ ಏಳುತ್ತಿದ್ದರು. ಮಗಳಿಗೆ ಆ ದಿನಗಳಲ್ಲಿ ಜ್ವರ ಬರಲಿಲ್ಲ, ಸೀಮೆಎಣ್ಣೆ ಸರತಿಯಲ್ಲಿ ನಿಂತಾಗ ಡಬ್ಬ ತುಂಬ ಸಿಕ್ಕಿತು. ಬೇರೆಯದರ ಲೆಕ್ಕ ಹಾಕುವ ಧೈರ್ಯ ಇರಲಿಲ್ಲವೆಂದು ಇವನ್ನೇ ಎಣಿಸುತ್ತಿದ್ದೆ.

ಹನ್ನೆರಡನೆಯ ದಿನ ಮಧ್ಯಾಹ್ನ ಇವರು ಅರ್ಧ ದಿನಕ್ಕೇ ಮನೆಗೆ ಬಂದರು. ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲಲ್ಲಿ ಕಂಡಾಗಲೇ ಕೆಲಸ ಹೋಯಿತೆಂದುಕೊಂಡೆ. ಅವರು ಎರಡು ಕಾಗದ ಕೊಟ್ಟರು. ಒಂದರಲ್ಲಿ, ಕಂಪ್ಯೂಟರಿನಲ್ಲಿ ಇನ್ನು ಯಾರೂ ಯಾವ ಚಿತ್ರವನ್ನೂ ಅಚ್ಚು ಮಾಡಕೂಡದೆಂದು ಎಲ್ಲರಿಗೂ ಕಳಿಸಿದ ಸುತ್ತೋಲೆ. ಇನ್ನೊಂದರಲ್ಲಿ ಇವರ ಕೆಲಸ ಕಾಯಂ ಆದ ಆದೇಶ, ಕೆಳಗೆ ಸಾಹೇಬರ ಸಹಿ.

ನಾನು ಎರಡನ್ನೂ ಮತ್ತೆ ಮತ್ತೆ ಓದಿದೆ. ಅತ್ತೆ ಅಡುಗೆಮನೆಯಿಂದಲೇ ಏನಂತೆ ಎಂದು ಕೇಳುತ್ತಿದ್ದರು. ಇವರು ಕೈ ತೊಳೆದು ಬಂದು ತಟ್ಟೆಯ ಮುಂದೆ ಕೂತರು, ಹಾಕಿದ್ದನ್ನು ಮುಗಿಸಿ, ಇನ್ನಷ್ಟು ಅನ್ನ ಇದೆಯೇ ಎಂದು ಕೇಳಿದರು. ಇತ್ತು.