ಯಾರದೀರಿ ಒಳಗ?

ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಅಡುಗೆಕಟ್ಟೆಯ ಮೇಲಿನ ಗಡಿಯಾರ ನೋಡಿದ್ದು ಚೆನ್ನಾಗಿ ನೆನಪಿದೆ, ಯಾಕೆಂದರೆ ಒಂಬತ್ತಕ್ಕೆ ಮನೆ ಬಿಡಲೇಬೇಕು ಎಂದು ಎಲ್ಲರ ಮೇಲೂ ಜೋರು ಮಾಡಿದ್ದವಳು ನಾನೇ. ಈಗಲೂ ಪಕ್ಕದ ಮನೆಯಲ್ಲಿ ಯಾರಾದರೂ ಬಕೆಟ್ಟಿಗೆ ನಲ್ಲಿ ಬಿಟ್ಟರೆ ಕೈಯಲ್ಲಿದ್ದ ಕೆಲಸ ನಿಲ್ಲುತ್ತದೆ. ಖಾಲಿ ಬಕೆಟ್ಟಿನ ದಡದಡ ಸದ್ದು ತುಂಬುತ್ತಾ ತುಂಬುತ್ತಾ ಮೆತ್ತಗಾಗುತ್ತದೆ. ತುಂಬಿದ ಮೇಲೆ ನಲ್ಲಿ ನಿಲ್ಲಬೇಕು. ನಿಂತರೆ ನನ್ನ ಪಾಡಿಗೆ ನಾನು ಈರುಳ್ಳಿ ಹೆಚ್ಚುತ್ತೇನೆ. ನಿಲ್ಲದೆ ನೀರು ಹೊರಚೆಲ್ಲತೊಡಗಿದರೆ ಕಣ್ಣು ಗಡಿಯಾರದ ಕಡೆ ಹೋಗುತ್ತದೆ. ಮುಳ್ಳುಗಳು ಎಲ್ಲೇ ಇರಲಿ, ನನಗೆ ಕಾಣುವುದು ಎಂಟೂ ಹತ್ತೇ.

ನಿಮಗೆ ಮೊದಲು ನನ್ನ ಗೆಳತಿಯರ ಪರಿಚಯ ಆಗಬೇಕು. ರೇಣುಕಾ, ಶಾಹಿನ್, ನಾನು, ಮೂವರೂ ರಾಯಚೂರಿನ ಒಂದೇ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದು ಓದಿದವರು. ರೇಣುಕಾ ಈಗ ಸಿಂಧನೂರಿನ ಕಡೆ ಒಂದು ಹಳ್ಳಿಯ ಶಾಲೆಯಲ್ಲಿ ಮೂರನೆಯ ತರಗತಿಯ ಟೀಚರು. ಶಾಹಿನ್ ರಾಯಚೂರಿನಲ್ಲೇ ಹೊಲಿಗೆ ಕಲಿಸುತ್ತಾಳೆ. ನಾನು ಕಗ್ಗದಾಸಪುರದ ಒಂದು ಖಾಸಗಿ ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಂಡು, ಅದೇ ರಸ್ತೆಯ ಹಿಂದಿನ ಓಣಿಯಲ್ಲಿ ಮೂರನೆಯ ಮಹಡಿಯ ಒಂಟಿ ಕೋಣೆಯಲ್ಲಿದ್ದೇನೆ. ಕೋಣೆ ಸಣ್ಣದು, ಎದುರಿನ ತಾರಸಿ ದೊಡ್ಡದು.

ಹಾಸ್ಟೆಲಿನ ಬಚ್ಚಲುಗಳಿಗೆ ಚಿಲಕ ಇರಲಿಲ್ಲ. ಒಂದು ಕಾಲದಲ್ಲಿ ಇತ್ತು ಎಂಬುದಕ್ಕೆ ಪ್ರತಿ ಬಾಗಿಲಿನಲ್ಲೂ ತೂತುಗಳಿದ್ದವು, ಅಷ್ಟೆ. ಹಾಗಾಗಿ ಹೊರಗೆ ಬಂದವರು ಬಾಗಿಲು ಬಡಿದು "ಯಾರದೀರಿ ಒಳಗ?" ಎನ್ನಬೇಕು, ಒಳಗಿದ್ದವರು "ಅದೀನಿ!" ಎಂದು ಕೂಗಬೇಕು. ಅದೀನಿ ಎಂದರೆ ಇದ್ದೇನೆ, ಬೇರೇನಿಲ್ಲ. ರೇಣುಕಾ ಅದನ್ನು ಹಾಲು ಮಾರುವವರ ಹಾಗೆ ಎಳೆದು ಕೂಗುತ್ತಿದ್ದಳು. ಕೆಲವೊಮ್ಮೆ ಬೇಕೆಂದೇ ಸುಮ್ಮನಿದ್ದು, ನಾವು ಬಾಗಿಲು ತಳ್ಳುವ ಹೊತ್ತಿಗೆ ಒಂದು ಚೊಂಬು ತಣ್ಣೀರು ಮುಖಕ್ಕೆ ಎರಚುತ್ತಿದ್ದಳು. ಆಮೇಲೆ ಆ ಮಾತು ನಮಗೆ ಎಲ್ಲದಕ್ಕೂ ಆಯಿತು. ಫೋನ್ ಎತ್ತಿದರೆ ಅದೀನಿ, ಜ್ವರ ಬಂದು ಮಲಗಿದ್ದಾಗ ಹೇಗಿದ್ದೀಯ ಎಂದರೂ ಅದೀನಿ.

ಬೆಂಗಳೂರಿಗೆ ಬಂದ ಮೊದಲ ವಾರ ಸ್ಟಾಫ್ ರೂಮಿನಲ್ಲಿ ಯಾರೋ ನನ್ನ ಹೆಸರು ಕರೆದರು. ನಾನು "ಅದೀನಿ" ಎಂದೆ. ಪಕ್ಕದಲ್ಲಿದ್ದ ಟೀಚರು ತಲೆಯೆತ್ತಿ, "ಯಾರ ಅಧೀನ ಮೇಡಂ? ಗಂಡ ಸಿಕ್ಬಿಟ್ನಾ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮರುದಿನದಿಂದ "ಇದೀನಿ" ಎನ್ನತೊಡಗಿದೆ. ಯಾರೂ ಹೇಳಿರಲಿಲ್ಲ, ನಾನೇ ತಿದ್ದಿಕೊಂಡೆ. ಮೇಷ್ಟ್ರ ಬುದ್ಧಿ ನೋಡಿ.

ಕ್ರಿಸ್‌ಮಸ್ ರಜೆಗೆ ಇಬ್ಬರೂ ಬೆಂಗಳೂರು ನೋಡಲು ಬಂದರು. ಬೆಳಗಿನ ಮಂಜಿನಲ್ಲಿ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಇಳಿದ ರೇಣುಕಾಳ ಮೊದಲ ಮಾತು, "ಯವ್ವಾ, ಈ ಊರಾಗ ಫ್ರಿಡ್ಜಿನ ಬಾಗಿಲಾ ತಗದಿಟ್ಟಾರೇನಲೇ?" ರಾಯಚೂರಿನ ಬಿಸಿಲಿನಲ್ಲಿ ಬೆಳೆದವರಿಗೆ ಇಲ್ಲಿನ ಡಿಸೆಂಬರ್ ಹಾಗೆಯೇ. ಅಲ್ಲಿ ಬಿಸಿಲು ಒಳಗೆ ಬಾರದಂತೆ ಕಿಟಕಿಗೆ ಗೋಣಿಚೀಲ ಕಟ್ಟುವ ಕೈಗಳು, ಇಲ್ಲಿ ಗಾಳಿ ಕಂಡರೆ ಅದನ್ನೇ ಮಾಡುತ್ತವೆ.

ಊರು ತೋರಿಸುವ ಹೊಣೆ ನನ್ನದು. ನಿಜ ಹೇಳಬೇಕೆಂದರೆ ಅಲ್ಲಿಯವರೆಗೆ ನಾನು ಬೆಂಗಳೂರಿನಲ್ಲಿ ಚೆನ್ನಾಗಿ ನೋಡಿದ್ದು ಕಗ್ಗದಾಸಪುರದ ರೈಲ್ವೆ ಗೇಟನ್ನು ಮಾತ್ರ, ಅದೂ ಹಾಕಿರುವಾಗ. ಆದರೂ ಹುಟ್ಟಿ ಬೆಳೆದವಳ ಹಾಗೆ ಮುಂದೆ ಮುಂದೆ ನಡೆದೆ. ಶಿವಾಜಿನಗರದಲ್ಲಿ ಎರಡು ಸಲ ದಾರಿ ತಪ್ಪಿಸಿದೆ. ಶಾಹಿನ್ ಅಂಗಡಿಯವರೊಂದಿಗೆ ತನ್ನ ರಾಯಚೂರಿನ ಉರ್ದುವಿನಲ್ಲಿ ಮಾತಾಡಿ, ಅವರ ಬೆಂಗಳೂರಿನ ಉರ್ದುವಿಗೆ ನಕ್ಕು, ಅವರನ್ನೂ ನಗಿಸಿ, ಕಡೆಗೆ ದಾರಿಯನ್ನೂ ಅವಳೇ ಕೇಳಿಕೊಂಡು ಬಂದಳು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ರೇಣುಕಾ ಒಂದು ಸಾಸಿವೆ ಬಣ್ಣದ ಶಾಲು ಕೊಂಡು ಅಲ್ಲೇ ಹೊದ್ದುಕೊಂಡಳು. ಹಲಸೂರು ಕೆರೆಯ ಕಟಕಟೆಗೆ ಒರಗಿ ಕಡಲೆಕಾಯಿ ತಿಂದೆವು. ಹಲಸೂರಿನಲ್ಲಿ ಮೆಟ್ರೋ ಹತ್ತಿ ಇಂದಿರಾನಗರದ ಕಡೆ ಹೊರಟಾಗ ರೇಣುಕಾ ಗಾಜಿಗೆ ಹಣೆ ಒತ್ತಿ, ಬೋಗಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ, "ಏ, ಗಿಡದ ತೆಲಿ ಮ್ಯಾಲ ಹೊಂಟೀವಲೇ!" ಎಂದಳು. ಎದುರು ಕೂತಿದ್ದವನೊಬ್ಬ ಕಿವಿಯ ಇಯರ್‌ಫೋನ್ ತೆಗೆದು, ತಿರುಗಿ, ಮೊದಲ ಸಲ ಎಂಬಂತೆ ಮರಗಳನ್ನು ನೋಡಿದ. ಸಂಜೆ ತಿನಿಸಿನ ಅಂಗಡಿಗಳ ಸಾಲೇ ಇರುವ ಮಾಸ್ಕ್ ರೋಡಿನಲ್ಲಿ ಶಾಹಿನ್ ಹೊಟ್ಟೆ ಬಿರಿಯ ತಿಂದಳು. ಮರುದಿನಕ್ಕೆ ಕಬ್ಬನ್ ಪಾರ್ಕು, ವಿಧಾನಸೌಧ. ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತೇನೆಂದು ರೇಣುಕಾ ತನ್ನ ಮಕ್ಕಳಿಗೆ ಮಾತು ಕೊಟ್ಟಿದ್ದಳು. ಪಾಠದ ಪುಸ್ತಕದಲ್ಲಿರುವ ಕಟ್ಟಡದ ಮುಂದೆ ತಮ್ಮ ಟೀಚರೇ ನಿಂತಿದ್ದರೆ ಅದು ನಿಜವಾಗಿಯೂ ಇದೆ ಎಂದು ಅವರು ನಂಬುತ್ತಾರಂತೆ.

ನನ್ನ ಬಾತ್‌ರೂಮಿನಲ್ಲಿ ಆಗ ಗ್ಯಾಸ್ ಗೀಸರ್ ಇತ್ತು. ಸಿಲಿಂಡರ್ ಹೊರಗೆ ತಾರಸಿಯಲ್ಲಿ, ಗೀಸರ್ ಒಳಗೆ ಗೋಡೆಯ ಮೇಲೆ. ನಲ್ಲಿ ತಿರುಗಿಸಿದರೆ 'ಡುಬ್' ಎಂದು ಹೊತ್ತಿಕೊಳ್ಳುತ್ತಿತ್ತು. ಮೇಲೆ ಗಾಜಿನ ಪಟ್ಟಿಗಳ ಒಂದು ಸಣ್ಣ ಕಿಂಡಿ. ಕೆಳಗಿನ ಮನೆಯ ಓನರ್ ಸೆಲ್ವಿ ಆಂಟಿ ಮರುದಿನ ಬೆಳಿಗ್ಗೆ ಕಾಫಿಪುಡಿ ಕೊಡಲು ಬಂದವರು ರೇಣುಕಾಳ ಕೈಯಲ್ಲಿ ಟವೆಲ್ ನೋಡಿ, "ಆ ಕಿಂಡಿ ಮಾತ್ರ ಮುಚ್ಬೇಡಿ ಮಾ. ಹಬೆ ಕೂತು ಪೇಂಟ್ ಎಲ್ಲಾ ಎದ್ಬಿಡುತ್ತೆ" ಎಂದರು. ಅವರ ಚಿಂತೆ ಪೇಂಟಿನದು. ನಮಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಆಂಟಿ ಮೆಟ್ಟಿಲಿಳಿದ ಮೇಲೆ ರೇಣುಕಾ, "ಗ್ವಾಡಿ ಸಲುವಾಗಿ ನಾ ಥಂಡಿ ಹಿಡಿಸ್ಕೋಬೇಕೇನು?" ಎಂದು ಒಳಗೆ ಹೋದಳು. ಆ ಸಾಸಿವೆ ಬಣ್ಣದ ಶಾಲನ್ನು ಮುದುಡಿ ಕಿಂಡಿಗೆ ತುರುಕಿದ್ದಳು. ಅದು ನಮಗೆ ಗೊತ್ತಾದದ್ದು ಆಮೇಲೆ.

ಡುಬ್ ಎಂದ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಶಾಹಿನ್ ಹಳೆಯ ಚಾಳಿಯಲ್ಲಿ ಬಾಗಿಲು ಬಡಿದು, "ಯಾರದೀರಿ ಒಳಗ?" ಎಂದಳು. "ಅದೀ...ನಿ!" ಅದೇ ಹಾಲಿನವರ ಕೂಗು. ನಾನು ಒಲೆಯ ಮುಂದೆ ಉಪ್ಪಿಟ್ಟಿಗೆ ರವೆ ಹುರಿಯುತ್ತಾ ನಕ್ಕೆ. ಇನ್ನಷ್ಟು ಹೊತ್ತಾಯಿತು. ನಾನು ಗಡಿಯಾರ ನೋಡಿ, "ಬೇಗ ಬರೋಕ್ ಹೇಳೇ" ಎಂದೆ. ಶಾಹಿನ್ ಮತ್ತೆ ಬಡಿದಳು. ಉತ್ತರವಿಲ್ಲ.

"ನಾಟಕ ಮಾಡ್ಲಿಕ್ಕತ್ತಾಳ," ಎಂದಳು ಶಾಹಿನ್. "ಈಗ ಕದಾ ತಗದು ನೀರ ಒಗೀತಾಳ. ನಾ ನಿಲ್ಲಂಗಿಲ್ಲಪ್ಪ ಇಲ್ಲಿ, ಹೊಸಾ ಕುರ್ತಾ."

ನಾನೂ ಹಾಗೆಯೇ ಅಂದುಕೊಂಡೆ. ರವೆ ಕೆಂಪಗಾಗುತ್ತಿತ್ತು. ಆಗ ಕಿವಿಗೆ ಬಿದ್ದದ್ದು ಆ ಸದ್ದು. ಬಕೆಟ್ಟು ತುಂಬಿ, ನೀರು ಹೊರಗೆ ಚೆಲ್ಲುತ್ತಿತ್ತು. ಚೆಲ್ಲುತ್ತಲೇ ಇತ್ತು.

ರೇಣುಕಾಳ ಊರಿಗೆ ನಲ್ಲಿ ನೀರು ಬಂದಾಗ ಬಂತು. ಬಂದ ದಿನ ಮನೆಯವರೆಲ್ಲ ಕೊಡ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಹಾಸ್ಟೆಲಿನಲ್ಲಿ ಬೇರೆಯವರ ಬಕೆಟ್ಟು ತುಂಬಿ ಹರಿದರೂ ಅರ್ಧ ಊಟದಲ್ಲಿ ಎದ್ದು ಎಂಜಲು ಕೈಯಲ್ಲೇ ಓಡಿಹೋಗಿ ನಲ್ಲಿ ನಿಲ್ಲಿಸಿ ಬರುತ್ತಿದ್ದವಳು ಅವಳು. ತಮಾಷೆಗೆ ಅವಳು ಉಸಿರು ಬಿಗಿಹಿಡಿದು ಕೂತಾಳು, ಅರ್ಧ ಗಂಟೆ ಬೇಕಾದರೂ ಕೂತಾಳು. ತಮಾಷೆಗೆ ನೀರು ಚೆಲ್ಲುವವಳಲ್ಲ.

"ಶಾಹಿನ್, ಕದ ಮುರಿ" ಎಂದೆ. ಎಷ್ಟೋ ದಿನಗಳ ಮೇಲೆ ನನ್ನ ಬಾಯಲ್ಲಿ ಬಾಗಿಲು ಕದ ಆಗಿತ್ತು.

ಪ್ಲಾಸ್ಟಿಕ್ ಬಾಗಿಲು, ಇಬ್ಬರೂ ಭುಜ ಕೊಟ್ಟಾಗ ಬಾಗಿತು, ಚಿಲಕ ಸ್ಕ್ರೂ ಸಮೇತ ಕಿತ್ತು ಬಂತು. ರೇಣುಕಾ ಗೋಡೆಗೆ ಒರಗಿ ಕುಸಿದಿದ್ದಳು. ಹೆದರಿಕೆಯಾದದ್ದು ಅವಳ ಕೆನ್ನೆ ನೋಡಿ. ಒಳ್ಳೆಯ ನಿದ್ದೆ ಮಾಡಿದವಳ ಹಾಗೆ ಕೆಂಪಗಿತ್ತು. ಇಬ್ಬರೂ ಅವಳನ್ನು ತಾರಸಿಗೆ ಎಳೆದುಕೊಂಡು ಬಂದೆವು. ನಾನು ಹಾಸಿಗೆಯ ಮೇಲಿನ ಚಾದರ ತಂದು ಸುತ್ತಿದೆ, ಶಾಹಿನ್ ಸಿಲಿಂಡರ್ ಮುಚ್ಚಿದಳು. ತಾರಸಿಯಲ್ಲಿ ಎಳೆ ಬಿಸಿಲು ಬಿದ್ದಿತ್ತು. ನಮ್ಮ ಕೂಗಿಗೆ ಸೆಲ್ವಿ ಆಂಟಿ ಓಡಿಬಂದವರು, "ಅಯ್ಯೋ ಕಡವುಳೇ, ಏನಾಯ್ತ್ ಮಾ?" ಎನ್ನುತ್ತಲೇ ತಿರುಗಿ ಇಳಿದು, ರಸ್ತೆಯಲ್ಲಿ ಆಟೋಗೆ ಅಡ್ಡ ನಿಂತರು.

ರೈಲ್ವೆ ಗೇಟ್ ಹಾಕಿತ್ತು. ಹಿಂದಿನ ದಿನ ಇದೇ ಗೇಟಿನಲ್ಲಿ ರೇಣುಕಾ ಆಟೋದಿಂದ ಇಳಿದು ಗೂಡ್ಸ್ ರೈಲಿನ ಗಾರ್ಡಿಗೆ ಕೈ ಬೀಸಿದ್ದಳು, ಅವನೂ ಬೀಸಿದ್ದ. ಇವತ್ತು ನಮ್ಮಿಬ್ಬರ ತೊಡೆಯ ಮೇಲೆ ಮಲಗಿದ್ದಳು. ಶಾಹಿನ್ ಅವಳ ಕೆನ್ನೆ ತಟ್ಟುತ್ತಾ, "ಯಾರದೀರಿ? ರೇಣು, ಯಾರದೀರಿ?" ಎನ್ನುತ್ತಲೇ ಇದ್ದಳು. ಆಟೋದವರು ತಿರುಗಿ, "ಉಸಿರಿದೆ ಅಲ್ವಾ ಮೇಡಂ? ಗಾಳಿ ಬಿಡಿ ಅವರಿಗೆ" ಎಂದು ಎರಡೂ ಕಡೆಯ ಪರದೆ ಎತ್ತಿ ಕಟ್ಟಿದರು. ಆ ರೈಲು ಇವತ್ತಿಗೂ ನನ್ನ ತಲೆಯಲ್ಲಿ ಹೋಗಿ ಮುಗಿದಿಲ್ಲ.

ಆಸ್ಪತ್ರೆಯಲ್ಲಿ ಮುಖಕ್ಕೆ ಆಕ್ಸಿಜನ್ ಇಟ್ಟರು. ಮುಚ್ಚಿದ ಜಾಗದಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದು ಡಾಕ್ಟರು ಹೇಳಿದರು. ನನಗೆ ಗೊತ್ತಿತ್ತು. ಪರೀಕ್ಷೆಗೆ ಓದಿ ಬರೆದಿದ್ದೆ ಕೂಡ. ಅದು ಗೀಸರಿನ ರೂಪದಲ್ಲಿ ನನ್ನ ಮನೆಯಲ್ಲೇ ಬಾಡಿಗೆಗಿದೆ ಎಂದು ಹೊಳೆದಿರಲಿಲ್ಲ, ಅಷ್ಟೆ. "ಎಚ್ಚರ ಆಗ್ತಾರೆ," ಎಂದರು ಡಾಕ್ಟರು. "ಎಷ್ಟು ಆಗ್ತಾರೆ ಅಂತ ಸ್ವಲ್ಪ ದಿನ ನೋಡ್ಬೇಕು." ಆ 'ಎಷ್ಟು' ನನ್ನೊಳಗೆ ಕೂತುಬಿಟ್ಟಿತು.

ಸಂಜೆ ಕಣ್ಣು ಬಿಟ್ಟಳು. ನಮ್ಮ ಹೆಸರು ಹೇಳಿದಳು, ಮಾಸ್ಕ್ ತೆಗೆಯಿರಿ ಎಂದು ನರ್ಸನ್ನು ಬೈದಳು. ಶಾಹಿನ್ ಅಳುತ್ತಾ ನಗುತ್ತಾ, "ನಿನ್ನೆ ಇಡೀ ದಿನ ಕುಣದಾಡಿ, ಇವತ್ತ ಹಿಂಗ ಮಕ್ಕೊಂಡೀಯಲ್ಲ" ಎಂದಳು.

"ನಿನ್ನೆ ಏನ ಮಾಡೀವಿ?" ಎಂದಳು ರೇಣುಕಾ. "ನಿನ್ನೆ ರೈಲ್ನ್ಯಾಗ ಇದ್ವಿ ಅಲ್ಲ?"

ಕೆರೆ, ಮೆಟ್ರೋ, ಮಾಸ್ಕ್ ರೋಡು, ಏನೂ ಇರಲಿಲ್ಲ. ಅವಳ ಪಾಲಿಗೆ ಬೆಂಗಳೂರು ಎಂದರೆ ಆ ವಾರ್ಡಿನ ಛಾವಣಿ. "ಫ್ಯಾನ್ ಚೊಲೊ ಐತಿ ನಿಮ್ಮ ಬೆಂಗಳೂರಾಗ" ಎಂದು ತಮಾಷೆ ಮಾಡಿದಳು. ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಇಂದು ಒಂದು ದಿನ ಹೋಗಿದೆ, ನಾಳೆ ಇನ್ನೇನು ಹೋಗುತ್ತದೋ.

ರೇಣುಕಾಳ ಅಣ್ಣ ಬಂದು ಅವಳನ್ನು ಊರಿಗೆ ಕರೆದುಕೊಂಡು ಹೋದ. ಸೆಲ್ವಿ ಆಂಟಿ ಗೀಸರನ್ನು ತೆಗೆಸಿ ಕರೆಂಟಿನದು ಹಾಕಿಸಿದರು, ಕಿಂಡಿಯ ಗಾಜನ್ನೂ ಕೀಳಿಸಿ ಬರೀ ಜಾಲರಿ ಬಡಿಸಿದರು. ಪೇಂಟಿನ ಮಾತು ಮತ್ತೆ ಎತ್ತಲಿಲ್ಲ. ಚಿಲಕವನ್ನು ಮಾತ್ರ ನಾನು ಹಾಕಿಸಗೊಡಲಿಲ್ಲ. "ಚಿಲಕ ಇಲ್ದೆ ಹೆಂಗ್ ಮಾ?" ಎಂದರು. "ನಮ್ಗೆ ಅಭ್ಯಾಸ ಇದೆ ಆಂಟಿ" ಎಂದೆ. ನನಗೆ ನಿದ್ದೆ ಎಂಬುದು ತುಂಡುತುಂಡಾಯಿತು. ನೀರಿನ ಸದ್ದಿಗೆ ಏಳುತ್ತಿದ್ದೆ. ಸದ್ದೇ ಇಲ್ಲದಿದ್ದರೆ, ಸದ್ದು ಯಾಕಿಲ್ಲ ಎಂದು ಏಳುತ್ತಿದ್ದೆ. ರಾಯಚೂರಿನಲ್ಲಿ ಶಾಹಿನ್‌ಳದೂ ಇದೇ ಪಾಡು. ರೇಣುಕಾ ಮಾತ್ರ ಗಡದ್ದಾಗಿ ಮಲಗುತ್ತಿದ್ದಳು. ಮೊದಮೊದಲು ಪಾಠದ ಮಧ್ಯೆ ಮಾತು ತಪ್ಪುತ್ತಿತ್ತಂತೆ, ಮಕ್ಕಳೇ ಎತ್ತಿಕೊಡುತ್ತಿದ್ದರಂತೆ. ಬೇಸಿಗೆಯ ಹೊತ್ತಿಗೆ ಅದೂ ನಿಂತಿತು. ಆ ಒಂದು ದಿನ ಮಾತ್ರ ತಿರುಗಿ ಬರಲಿಲ್ಲ. "ಹೆದರಿಕಿ ನಿಮಗೈತಿ, ನನಗೆಲ್ಲೈತಿ?" ಎನ್ನುತ್ತಿದ್ದಳು ಫೋನಿನಲ್ಲಿ. "ನನಗ ಬೆಂಗಳೂರ ನೋಡಿದ್ದ ನೆಪ್ಪಿಲ್ಲ. ಮತ್ತೊಮ್ಮೆ ತೋರಸ್ರಿ."

ಹಾಗಾಗಿ ಈ ಡಿಸೆಂಬರಿನಲ್ಲಿ ಮತ್ತೆ ಬಂದರು. ಮತ್ತೆ ಶಿವಾಜಿನಗರ, ಮತ್ತೆ ಹಲಸೂರು ಕೆರೆ. ಈ ಸಲ ದಾರಿ ತಪ್ಪಿಸಲಿಲ್ಲ, ಅದೊಂದೇ ನನ್ನ ಪ್ರಗತಿ. ಹಲಸೂರಿನಲ್ಲಿ ಮೆಟ್ರೋ ಹತ್ತಿದಾಗ ನಾನೂ ಶಾಹಿನ್ನೂ ಅವಳ ಬಾಯನ್ನೇ ನೋಡುತ್ತಿದ್ದೆವು. ಅವಳು ಗಾಜಿಗೆ ಹಣೆ ಒತ್ತಿದಳು. ಮರಗಳ ತಲೆಗಳು ಹೋಗುತ್ತಿದ್ದವು. ಆಮೇಲೆ ಒಳಗೆ ತಿರುಗಿ, ಸುತ್ತ ಕೂತವರನ್ನೆಲ್ಲ ನೋಡಿ, ನನ್ನ ಕಿವಿಯಲ್ಲಿ, "ಇಷ್ಟ ಮಂದಿ ಐತಿ, ಒಬ್ಬರೂ ಯಾಕ ಮಾತಾಡವಲ್ಲರಲೇ? ಏನರ ಜಗಳ ಆಗೇತೇನು?" ಎಂದಳು. ಶಾಹಿನ್ ಬಿದ್ದುಬಿದ್ದು ನಕ್ಕಳು. ಹಳೆಯ ಮಾತು ಬರಲಿಲ್ಲ. ಅದು ನಮ್ಮಿಬ್ಬರ ಹತ್ತಿರವೇ ಉಳಿಯಿತು. ಇದು ಹೊಸದು, ಇದೂ ಅವಳದೇ.

ಮಧ್ಯಾಹ್ನ ವಿಧಾನಸೌಧದ ಮುಂದೆ ಫೋಟೋ ತೆಗೆದೆವು. ಸಾಸಿವೆ ಬಣ್ಣದ ಶಾಲು ಹೊದ್ದೇ ನಿಂತಿದ್ದಳು. ಅದನ್ನು ಒಗೆದು ಮಡಚಿಟ್ಟಿದ್ದೆ, ಕೊಡಲೋ ಬೇಡವೋ ಎಂದು ಯೋಚಿಸುತ್ತಿದ್ದಾಗ ಅವಳೇ ಕಪಾಟಿನಿಂದ ಎಳೆದು, "ಯಾರದಿದು? ಚಂದೈತಿ. ನಾ ತಗೋತೀನಿ" ಎಂದಿದ್ದಳು.

ಮನೆಗೆ ಬಂದವಳು ಧೂಳಾಗಿದೆಯೆಂದು ಸ್ನಾನಕ್ಕೆ ಹೋದಳು. ಶಾಹಿನ್ ಕೆಳಗೆ ಸೆಲ್ವಿ ಆಂಟಿಯ ಮನೆಯಲ್ಲಿದ್ದಳು. ನಾನು ಬಾಗಿಲ ಪಕ್ಕದಲ್ಲಿ ನೆಲದ ಮೇಲೆ ಕೂತು, ಮಡಚಿದ ಬಟ್ಟೆಗಳನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದೆ. ಕರೆಯಬೇಕು ಎನಿಸುತ್ತಿತ್ತು. ಕರೆದು ಉತ್ತರ ಬಾರದಿದ್ದರೆ ಎಂದು ಬಾಯಿ ಬರುತ್ತಿರಲಿಲ್ಲ. ಬಕೆಟ್ಟಿನ ದಡದಡ ಮೆತ್ತಗಾಯಿತು. ತುಂಬಿತು. ಅಂಚಿಗೆ ಬಂತು. ನಲ್ಲಿ ನಿಂತಿತು.

ಒಳಗಿನಿಂದ ಬಾಗಿಲು ಬಡಿದ ಸದ್ದು.

"ಯಾರದೀರಿ ಹೊರಗ?"

ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟೆ. ಮೆಲ್ಲಗೆ ಹೇಳಿದೆ, "ಅದೀನಿ."

"ಜೋರ ಅನ್ನಲೇ, ಕೇಳವಲ್ದು!"

"ಅದೀ...ನಿ!" ಎಂದು ಕೂಗಿದೆ. ಹಾಲು ಮಾರುವವರ ಹಾಗೆಯೇ. ಎದುರು ಮನೆಯ ಕಿಟಕಿಯಲ್ಲಿ ಯಾರೋ ಇಣುಕಿ ನೋಡಿದರು.

ಆ ರಾತ್ರಿ ಮೂವರೂ ನೆಲದ ಮೇಲೆ ಸಾಲಾಗಿ ಹಾಸಿಕೊಂಡು ಮಲಗಿದೆವು. ನಾನು ಮತ್ತೆ ಕಣ್ಣು ಬಿಟ್ಟಾಗ ಬಿಸಿಲು ತಾರಸಿ ದಾಟಿ ನಮ್ಮ ಕಾಲಿನವರೆಗೆ ಬಂದಿತ್ತು. ಶಾಹಿನ್ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ರೇಣುಕಾ ಯಾವಾಗಲೋ ಎದ್ದು, ಒಲೆಯ ಮುಂದೆ ನಿಂತು ರವೆ ಹುರಿಯುತ್ತಿದ್ದಳು.